ವಿದೇಶದ ಎಂಬಿಎ: ಸೀಟು ಸಲೀಸು, ಕಾಗದವೇ ಕಗ್ಗಂಟು

ಸೊಲ್ಲಾಪುರ: ಒಂದು ಕಾಲಕ್ಕೆ ಈ ಭಾಗದ ಬಿ.ಕಾಂ. ಹುಡುಗ ಪುಣೆಯ ಬಸ್ಸು ಹತ್ತಿದರೆ ಊರವರು ಅವನನ್ನು ಪರದೇಶಕ್ಕೆ ಹೋದವರ ಲೆಕ್ಕದಲ್ಲೇ ಇಡುತ್ತಿದ್ದರು. ಈಗ ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡ ಮನೆಗಳಲ್ಲೂ 'ಮಗನ್ನ ಲಂಡನ್ನಿಗೆ ಎಂಬಿಎಕ್ಕ ಕಳಸೋದೈತಿ' ಎಂಬ ಮಾತು ಹೊಸದಲ್ಲ. ಮೊದಲು ಇಂಜಿನಿಯರಿಂಗ್ ಓದಿದವರಷ್ಟೇ ಹೊರದೇಶದ ಕನಸು ಕಾಣುತ್ತಿದ್ದರು. ಈಗ ಅಡತಿ ಅಂಗಡಿಯ, ಜವಳಿ ವ್ಯಾಪಾರದ, ದ್ರಾಕ್ಷಿ-ದಾಳಿಂಬೆ ಬೆಳೆಯುವ ಮನೆಗಳ ವಾಣಿಜ್ಯ ಪದವೀಧರರೂ ಆ ಸಾಲಿಗೆ ಸೇರಿದ್ದಾರೆ.

ಆದರೆ ಕನ್ಸಲ್ಟನ್ಸಿಗಳ ಫಲಕ ಹೇಳುವುದು ಅರ್ಧ ಕಥೆ ಮಾತ್ರ. 'ಹದಿನೈದು ದಿನದಲ್ಲಿ ಆಫರ್ ಲೆಟರ್' ಎಂಬುದು ಸುಳ್ಳೇನಲ್ಲ. ಬ್ರಿಟನ್ನಿನ ಮಧ್ಯಮ ದರ್ಜೆಯ ವಿಶ್ವವಿದ್ಯಾಲಯಗಳಿಗೆ ವಿದೇಶಿ ವಿದ್ಯಾರ್ಥಿಯ ಶುಲ್ಕ ಬೇಕು, ಏಜೆಂಟನಿಗೆ ಆ ವಿಶ್ವವಿದ್ಯಾಲಯ ಕೊಡುವ ಕಮಿಷನ್ ಬೇಕು. ಹೀಗಾಗಿ ಪತ್ರ ಬಂದೇ ಬರುತ್ತದೆ. ಪತ್ರ ಬಂದ ಮೇಲೆ ಶುರುವಾಗುವ ತಾಪತ್ರಯವೇ ಬೇರೆ. ಗಡಿಯ ಈಚೆಗಿನ ಕುಟುಂಬಗಳಿಗೆ ಅದು ಒಂದು ಕೈ ಹೆಚ್ಚೇ.

ಯಾವ ಎಂಬಿಎ?

ಮೊದಲನೆಯ ಗೊಂದಲ ಹೆಸರಿನದು. ಭಾರತದಲ್ಲಿ ಪದವಿ ಮುಗಿದ ಮರುವರ್ಷವೇ ಎಂಬಿಎ ಸೇರಬಹುದು. ಹೊರದೇಶದ ಹೆಸರಾಂತ ಬಿಸಿನೆಸ್ ಸ್ಕೂಲುಗಳಲ್ಲಿ ಹಾಗಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಒಂದು ವರ್ಷದ ಎಂಬಿಎ ಇರಲಿ, ಫ್ರಾನ್ಸ್ ಮತ್ತು ಸಿಂಗಪುರದಲ್ಲಿರುವ ಇನ್‌ಸಿಯಾಡ್‌ನ 10 ತಿಂಗಳ ಕೋರ್ಸ್ ಇರಲಿ, ಅಮೆರಿಕೆಯ ಎರಡು ವರ್ಷದ್ದಿರಲಿ, ಅಲ್ಲಿ ಕುಳಿತುಕೊಳ್ಳುವವರು ನಾಲ್ಕೈದು ವರ್ಷ ಕೆಲಸ ಮಾಡಿ ಬಂದವರು. ಎಂಬಿಎಗಳಿಗೆ ಮಾನ್ಯತೆ ಕೊಡುವ ಆಂಬಾ ಎಂಬ ಸಂಸ್ಥೆಯಂತೂ ಪದವಿಯ ನಂತರ ಕನಿಷ್ಠ 3 ವರ್ಷದ ಅನುಭವ ಬೇಕೆಂದು ನಿಯಮವನ್ನೇ ಮಾಡಿದೆ.

ಹಾಗಾದರೆ ನಿನ್ನೆ ಮೊನ್ನೆ ಬಿ.ಕಾಂ. ಮುಗಿಸಿದವನಿಗೆ ಬರುವ ಪತ್ರ ಯಾವುದರದು? ಬಹುತೇಕ ಸಲ ಅದು ಎಂ.ಎಸ್ಸಿ. ಮ್ಯಾನೇಜ್‌ಮೆಂಟ್ ಇಲ್ಲವೆ ಎಂ.ಎಸ್ಸಿ. ಇಂಟರ್‌ನ್ಯಾಷನಲ್ ಬಿಸಿನೆಸ್. ಈ ಕೋರ್ಸುಗಳು ಕಳಪೆ ಎಂದಲ್ಲ. ಲಂಡನ್ ಬಿಸಿನೆಸ್ ಸ್ಕೂಲ್, ಪ್ಯಾರಿಸ್ಸಿನ ಎಚ್‌ಇಸಿಯಂಥವರೂ ಹೊಸ ಪದವೀಧರರಿಗಾಗಿಯೇ ಇಂಥ ಕೋರ್ಸು ನಡೆಸುತ್ತಾರೆ. ಆದರೆ ಊರಲ್ಲಿ 'ಎಂಬಿಎ' ಎಂದು ಪೇಢೆ ಹಂಚಿದ ಮೇಲೆ ಪ್ರಮಾಣಪತ್ರದ ಮೇಲೆ ಬೇರೆ ಹೆಸರು ನೋಡುವ ಪ್ರಸಂಗ ಯಾಕೆ? ಶುಲ್ಕ ಕಟ್ಟುವ ಮೊದಲು ಕೋರ್ಸಿನ ಪೂರ್ತಿ ಹೆಸರು ಮತ್ತು ಮಾನ್ಯತೆ, ಈ ಎರಡನ್ನು ಪಾಲಕರು ವಿಶ್ವವಿದ್ಯಾಲಯದ ಪತ್ರದಲ್ಲೇ ಓದಿಕೊಳ್ಳಬೇಕು, ಏಜೆಂಟನ ಬಾಯಿಂದಲ್ಲ.

ಎರಡು ಮೂರು ವರ್ಷ ಕೆಲಸ ಮಾಡಿ ಹೋಗಲು ಯೋಚಿಸುವವರಿಗೆ ಇಲ್ಲೊಂದು ಅನುಕೂಲವಿದೆ. ತಂದೆಯ ಅಡತಿ ಅಂಗಡಿಯಲ್ಲೋ ಚಾದರ ಮಾರುವ ವ್ಯಾಪಾರದಲ್ಲೋ ದುಡಿದಿದ್ದೂ ಅನುಭವವೇ. ಅನೇಕ ಬಿಸಿನೆಸ್ ಸ್ಕೂಲುಗಳು ಮನೆತನದ ವ್ಯಾಪಾರವನ್ನು ಗಂಭೀರವಾಗಿಯೇ ನೋಡುತ್ತವೆ. ಆದರೆ 'ಅಂಗಡ್ಯಾಗ ಕುಂತಿದ್ದೆ' ಎಂದರೆ ನಡೆಯದು. ಮಗನ ಹೆಸರಿಗೆ ಪಗಾರ ಹಾಕಿ, ಅದು ಬ್ಯಾಂಕಿನ ಮೂಲಕ ಹೋಗಿ, ಆದಾಯ ತೆರಿಗೆ ವಿವರ ಸಲ್ಲಿಕೆಯಾಗಿರಬೇಕು. ಶಿಫಾರಸು ಪತ್ರವನ್ನು ತಂದೆಯೋ ಕಾಕಾನೋ ಬರೆದರೆ ಬೆಲೆಯಿಲ್ಲ. ಮಾಲು ಕೊಳ್ಳುವ ದೊಡ್ಡ ವ್ಯಾಪಾರಿ, ಲೆಕ್ಕಪತ್ರ ನೋಡುವ ಸಿಎ ಬರೆದರೆ ತೂಕ ಬರುತ್ತದೆ.

ಜಿಮ್ಯಾಟ್ ಪರೀಕ್ಷೆಯ ರೂಪವೂ ಬದಲಾಗಿದೆ. 2024ರ ಫೆಬ್ರವರಿಯಿಂದ ಹೊಸ ಮಾದರಿ ಮಾತ್ರ ಇದೆ. ಮೂರು ವಿಭಾಗ, ತಲಾ 45 ನಿಮಿಷ, ಅಂಕ 205ರಿಂದ 805. ಹಿರಿಯ ಅಣ್ಣನೊಬ್ಬ 'ನಂದು 700 ಬಂದಿತ್ತು' ಎಂದರೆ ಅದು ಹಳೆಯ ತಕ್ಕಡಿಯ ತೂಕ. ಹೊಸದರಲ್ಲಿ 645 ಬಂದರೆ ಅದಕ್ಕೆ ಸಮ. ಕನ್ನಡ, ಮರಾಠಿ ಮಾಧ್ಯಮದಲ್ಲಿ ಓದಿದವರಿಗೆ ಖುಷಿಯ ಸಂಗತಿಯೆಂದರೆ ಇಂಗ್ಲಿಷ್ ವ್ಯಾಕರಣದ ತಪ್ಪು ತಿದ್ದುವ ಪ್ರಶ್ನೆಗಳನ್ನೂ ಪ್ರಬಂಧವನ್ನೂ ತೆಗೆದುಹಾಕಿದ್ದಾರೆ. ಓದಿ ಅರ್ಥ ಮಾಡಿಕೊಳ್ಳುವುದು ಮಾತ್ರ ಉಳಿದಿದೆ.

18 ತಿಂಗಳ ಗಡುವು

ಈ ಭಾಗದವರ ಮೊದಲ ಆಯ್ಕೆ ಬ್ರಿಟನ್. ಕೋರ್ಸು ಒಂದೇ ವರ್ಷ, ನಮ್ಮ ಮೂರು ವರ್ಷದ ಪದವಿಯನ್ನು ಅಲ್ಲಿ ಒಪ್ಪುತ್ತಾರೆ, ಓದಿನ ನಂತರ ಎರಡು ವರ್ಷ ಅಲ್ಲೇ ಇದ್ದು ಕೆಲಸ ಹುಡುಕಬಹುದು ಎಂಬುದು ಲೆಕ್ಕ. ಈ ಮೂರನೆಯ ಮಾತು ಬದಲಾಗಿದೆ. 2027ರ ಜನವರಿ 1ರಿಂದ ಗ್ರಾಜುಯೇಟ್ ವೀಸಾಕ್ಕೆ ಅರ್ಜಿ ಹಾಕುವ ಪದವಿ, ಸ್ನಾತಕೋತ್ತರ ಪದವೀಧರರಿಗೆ ಸಿಗುವುದು 18 ತಿಂಗಳು ಮಾತ್ರ. 2026ರ ಸೆಪ್ಟೆಂಬರಿನಲ್ಲಿ ಮತ್ತು ಆಮೇಲೆ ಸೇರುವ ಒಂದು ವರ್ಷದ ಕೋರ್ಸಿನವರಿಗೆಲ್ಲ ಇದು ತಗಲುತ್ತದೆ. ಹಳೆಯ ಕರಪತ್ರ ಹಿಡಿದು 'ಎರಡು ವರ್ಷ' ಎನ್ನುವವರ ಮಾತು ನಂಬಬಾರದು.

ಆ 18 ತಿಂಗಳೊಳಗೆ ವೀಸಾ ಪ್ರಾಯೋಜಿಸುವ ಕಂಪನಿ ಸಿಗಬೇಕು. 2025ರ ಜುಲೈ 22ರಂದು ಸ್ಕಿಲ್ಡ್ ವರ್ಕರ್ ವೀಸಾದ ಸಾಮಾನ್ಯ ಸಂಬಳದ ಮಿತಿಯನ್ನು ವರ್ಷಕ್ಕೆ 41,700 ಪೌಂಡಿಗೆ ಏರಿಸಲಾಯಿತು. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ರಿಯಾಯಿತಿ ಕೊಟ್ಟು 33,400 ಪೌಂಡ್ ಇಟ್ಟರು. ಅಂಗಡಿಯಲ್ಲಿ, ಗೋದಾಮಿನಲ್ಲಿ ಗಂಟೆ ಲೆಕ್ಕದಲ್ಲಿ ದುಡಿದು ಈ ಮಟ್ಟ ಮುಟ್ಟುವುದು ಆಗದ ಮಾತು. ಲಗ್ನವಾದವರಿಗೆ ಇನ್ನೊಂದು ಕಟ್ಟಳೆ: 2024ರ ಜನವರಿಯಿಂದ ಇಂಥ ಕೋರ್ಸಿನ ವಿದ್ಯಾರ್ಥಿಗಳು ಹೆಂಡತಿ-ಮಕ್ಕಳನ್ನು ಜೊತೆಗೆ ಒಯ್ಯುವಂತಿಲ್ಲ.

ಅಮೆರಿಕೆಯ ದಾರಿ ಇನ್ನೂ ತುಟ್ಟಿ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಣೆಯಾದಾಗ ಎಲ್ಲೆಡೆ ಗಾಬರಿ ಹಬ್ಬಿತ್ತು. ಅಲ್ಲಿಯೇ ಓದಿ ವಿದ್ಯಾರ್ಥಿ ವೀಸಾದಿಂದ ಬದಲಾಯಿಸಿಕೊಳ್ಳುವವರಿಗೆ ಅದು ಅನ್ವಯಿಸದು ಎಂಬ ಸ್ಪಷ್ಟನೆ ಅಕ್ಟೋಬರಿನಲ್ಲಿ ಬಂತು. ಜರ್ಮನಿಗೆ ಹೋಗುವವರು 2022ರ ನವೆಂಬರಿನಿಂದ ಎಪಿಎಸ್ ಪ್ರಮಾಣಪತ್ರ ಮಾಡಿಸಲೇಬೇಕು.

ಹೊಲ ಐತಿ, ಆದರೆ..

ಈಗ ದುಡ್ಡಿನ ಮಾತು. ಲಂಡನ್ನಿನ ಹೊರಗಿನ ಒಂದು ವಿಶ್ವವಿದ್ಯಾಲಯದ ಶುಲ್ಕ 18 ಸಾವಿರ ಪೌಂಡ್ ಎಂದಿಟ್ಟುಕೊಳ್ಳಿ. ವೀಸಾಕ್ಕೆ ತೋರಿಸಬೇಕಾದ ಜೀವನ ವೆಚ್ಚ 2025ರ ನವೆಂಬರಿನ ದರದಂತೆ ತಿಂಗಳಿಗೆ 1,171 ಪೌಂಡ್, 9 ತಿಂಗಳಿಗೆ 10,539. ಆರೋಗ್ಯ ಶುಲ್ಕ ವರ್ಷಕ್ಕೆ 776ರಂತೆ, ಒಂದು ವರ್ಷದ ಕೋರ್ಸಿನ ವೀಸಾ ಅವಧಿಗೆ 1,164. ವೀಸಾ ಶುಲ್ಕ 500ಕ್ಕೂ ಮೇಲೆ. ಪೌಂಡಿಗೆ 115 ರೂಪಾಯಿ ಹಿಡಿದರೂ ಮೊತ್ತ 35 ಲಕ್ಷದ ಹತ್ತಿರ. ವಿಮಾನದ ಟಿಕೆಟು ಬೇರೆ.

ಹತ್ತೆಕರೆ ಹೊಲ ಇರುವ ಮನೆಗೆ ಇದು ದೊಡ್ಡ ಮೊತ್ತ ಅನ್ನಿಸದು. ಪೆಟ್ಟು ಬೀಳುವುದು ಬ್ಯಾಂಕಿನಲ್ಲಿ. ಶೈಕ್ಷಣಿಕ ಸಾಲಕ್ಕೆ ಬ್ಯಾಂಕುಗಳು ಬಳಸುವ ಮಾದರಿ ಯೋಜನೆಯ ಪ್ರಕಾರ ಏಳೂವರೆ ಲಕ್ಷಕ್ಕಿಂತ ಹೆಚ್ಚಿನ ಸಾಲಕ್ಕೆ ಆಸ್ತಿ ಅಡವು ಬೇಕು. ಸಾತ್‌ಬಾರಾ ಉತಾರ ಹಿಡಿದು ಹೋದ ರೈತನಿಗೆ ಮ್ಯಾನೇಜರ್ ಹೇಳುವುದು ಒಂದೇ ಮಾತು: ಶೇತಿ ಜಮೀನು ನಡೆಯುವುದಿಲ್ಲ, ಎನ್.ಎ. ಪ್ಲಾಟು ಇಲ್ಲವೆ ಸಿಟಿ ಸರ್ವೆಯ ಮನೆ ಇದ್ದರೆ ತನ್ನಿ.

ಇದು ಮ್ಯಾನೇಜರನ ಹಟವಲ್ಲ. ಸಾಲ ಬಾಕಿಯಾದರೆ ಕೋರ್ಟಿಗೆ ಹೋಗದೆ ಆಸ್ತಿ ಹರಾಜು ಹಾಕುವ ಅಧಿಕಾರವನ್ನು 2002ರ ಸರ್ಫೇಸಿ ಕಾಯ್ದೆ ಬ್ಯಾಂಕುಗಳಿಗೆ ಕೊಟ್ಟಿದೆ. ಅದೇ ಕಾಯ್ದೆಯ 31ನೇ ಕಲಂ ಕೃಷಿ ಜಮೀನನ್ನು ಹೊರಗಿಟ್ಟಿದೆ. ಮೇಲಾಗಿ ಮಹಾರಾಷ್ಟ್ರದ ಕುಳ ಕಾಯ್ದೆಯಂತೆ ರೈತರಲ್ಲದವರು ಶೇತಿ ಕೊಳ್ಳುವಂತಿಲ್ಲ. ಮಾರಲು ಕಷ್ಟವಾದ ಆಸ್ತಿಯನ್ನು ಯಾವ ಬ್ಯಾಂಕು ಹಿಡಿದುಕೊಂಡೀತು? ರೈತನನ್ನು ಕಾಪಾಡಲೆಂದು ಮಾಡಿದ ಕಟ್ಟಳೆ ಅವನ ಮಗನ ಓದಿಗೆ ಅಡ್ಡ ಬಂದಂತಾಗಿದೆ.

ಹಳ್ಳಿಯ ಮನೆಯದೂ ಅದೇ ಹಾಡು. ಗಾವಠಾಣದೊಳಗಿನ ಎಷ್ಟೋ ಮನೆಗಳಿಗೆ ಗ್ರಾಮ ಪಂಚಾಯಿತಿಯ ಉತಾರ ಬಿಟ್ಟರೆ ಬೇರೆ ಕಾಗದವಿಲ್ಲ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಡಿ ಡ್ರೋನ್ ಸರ್ವೆ ಮಾಡಿ ಸನದ್ ಕೊಡುತ್ತಿದ್ದಾರೆ. ಅಂಥ ಆಸ್ತಿಯ ಮೇಲೆ ಸಾಲ ಸಿಗುವಂತಾಗಲಿ ಎಂಬುದೂ ಅದರ ಉದ್ದೇಶಗಳಲ್ಲಿ ಒಂದು. ಸನದ್ ಬಂದು ಕಪಾಟಿನಲ್ಲಿ ಬಿದ್ದಿದ್ದರೆ ಈಗ ಹೊರಗೆ ತೆಗೆಯಬೇಕು.

ಬ್ಯಾಂಕು ಒಲ್ಲೆ ಎಂದಾಗ ಉಳಿಯುವುದು ಖಾಸಗಿ ಹಣಕಾಸು ಕಂಪನಿಗಳು ಮತ್ತು ಊರ ಪತಸಂಸ್ಥೆಗಳು. ಮೊದಲನೆಯವರು ಅಡವಿಲ್ಲದೆ ಕೊಡುತ್ತಾರೆ, ಬಡ್ಡಿ ಹೆಚ್ಚು. ಎರಡನೆಯವರು ಉತಾರದ ಮೇಲೆ ಬೋಜಾ ಏರಿಸುತ್ತಾರೆ. ಇನ್ನು ಕೆಲವರು ಬಡ್ಡಿಗೆ ದುಡ್ಡು ತಂದು 28 ದಿನ ಖಾತೆಯಲ್ಲಿಟ್ಟು 'ಫಂಡ್ ತೋರಿಸುವ' ದಾರಿ ಹಿಡಿಯುತ್ತಾರೆ. ಸುಳ್ಳು ದಾಖಲೆ ಎಂದು ಸಿಕ್ಕಿಬಿದ್ದರೆ ಬ್ರಿಟನ್ 10 ವರ್ಷ ಬಾಗಿಲು ಮುಚ್ಚಬಹುದು. ಮಾನ್ಯ ಬ್ಯಾಂಕಿನ ಸಾಲ ಮಂಜೂರಾತಿ ಪತ್ರವಿದ್ದರೆ ಈ ಸರ್ಕಸ್ಸೇ ಬೇಡ. ಬ್ಯಾಂಕಿನ ಶೈಕ್ಷಣಿಕ ಸಾಲದ ಹಣ ಹೊರದೇಶಕ್ಕೆ ಕಳಿಸುವಾಗ ಕತ್ತರಿಸುತ್ತಿದ್ದ ಟಿಸಿಎಸ್ ತೆರಿಗೆಯನ್ನೂ 2025ರ ಏಪ್ರಿಲ್‌ನಿಂದ ತೆಗೆದಿದ್ದಾರೆ.

ಪಾಲಕರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಹೆಸರಾಂತ ಬಿಸಿನೆಸ್ ಸ್ಕೂಲುಗಳಿಗಾದರೆ ಕೆಲವು ಬ್ಯಾಂಕುಗಳು ಅಡವಿಲ್ಲದೆಯೇ ದೊಡ್ಡ ಸಾಲ ಕೊಡುತ್ತವೆ. ಯಾವ ಯಾವ ಸ್ಕೂಲು ಎಂಬ ಪಟ್ಟಿ ಅವುಗಳ ಹತ್ತಿರ ಇರುತ್ತದೆ. ಕನ್ಸಲ್ಟನ್ಸಿಯ ಪಟ್ಟಿ ಕಮಿಷನ್ ನೋಡಿ ತಯಾರಾಗಿದ್ದು. ಬ್ಯಾಂಕಿನ ಪಟ್ಟಿ ಸಾಲ ವಾಪಸು ಬರುತ್ತದೋ ಇಲ್ಲವೋ ಎಂದು ನೋಡಿ ತಯಾರಾಗಿದ್ದು. ಆಫರ್ ಕೊಟ್ಟ ವಿಶ್ವವಿದ್ಯಾಲಯ ಯಾವ ಬ್ಯಾಂಕಿನ ಪಟ್ಟಿಯಲ್ಲೂ ಇಲ್ಲದಿದ್ದರೆ ಆ ಪತ್ರದ ಬೆಲೆ ಎಷ್ಟೆಂದು ಅಲ್ಲೇ ತಿಳಿಯಿತು.

ಸಾಲ ಸಿಕ್ಕಿತೆಂದೇ ಇಟ್ಟುಕೊಳ್ಳಿ. 25 ಲಕ್ಷ, ಬಡ್ಡಿ ಶೇ. 10.5, ಓದಿನ ಒಂದು ವರ್ಷ ಮತ್ತು ಆಮೇಲಿನ ಒಂದು ವರ್ಷ ಕಂತಿಲ್ಲ. ಆ ಎರಡು ವರ್ಷದ ಬಡ್ಡಿ ಸೇರಿ ಅಸಲು 30 ಲಕ್ಷ ದಾಟುತ್ತದೆ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳ ಕಂತು 40 ಸಾವಿರದ ಮೇಲೆ. ಅಲ್ಲಿ ಕೆಲಸ ಸಿಕ್ಕವನಿಗೆ ಇದು ಭಾರವಲ್ಲ. ಸಿಗದೆ ತಿರುಗಿ ಬಂದು ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ಕೆಲಸಕ್ಕೆ ಸೇರಿದವನ ಪಗಾರದಿಂದ ತೀರುವ ಕಂತು ಇದಲ್ಲ. ಆಗ ಹೊಲದ ಮಾತು ಬಂದೇ ಬರುತ್ತದೆ.

ಎರಡು ರಾಜ್ಯಗಳ ನಡುವೆ

ವಿದ್ಯಾರ್ಥಿವೇತನದ ಬಾಗಿಲುಗಳೂ ಗಡಿಯವರಿಗೆ ಅರ್ಧ ತೆರೆದಿವೆ. ಕರ್ನಾಟಕದ ಸಿಇಟಿಯಲ್ಲಿ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳ ಕನ್ನಡ ಮಕ್ಕಳಿಗೆ ಗಡಿನಾಡು ಕನ್ನಡಿಗರೆಂದು ಅವಕಾಶವಿದೆ. ಅದನ್ನು ನೋಡಿ ವಿದೇಶಿ ಓದಿಗೂ ಬೆಂಗಳೂರಿನಿಂದ ನೆರವು ಸಿಕ್ಕೀತು ಎಂದುಕೊಳ್ಳುವವರಿದ್ದಾರೆ. ಪ್ರಬುದ್ಧದಂಥ ಯೋಜನೆಗಳು ಕರ್ನಾಟಕದ ನಿವಾಸಿಗಳಿಗೆ ಮಾತ್ರ.

ಹಾಗಾದರೆ ಮುಂಬೈ? ಮಹಾರಾಷ್ಟ್ರದ ರಾಜರ್ಷಿ ಶಾಹೂ ಮಹಾರಾಜ ವಿದೇಶಿ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿಯವರಿಗೆ ದೊಡ್ಡ ಆಸರೆ. ಕ್ಯೂಎಸ್ ಪಟ್ಟಿಯ ಮೇಲ್ಸಾಲಿನ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಸಿಕ್ಕಿರಬೇಕು. ಆದರೆ ಮಹಾರಾಷ್ಟ್ರದಲ್ಲಿ ಜಾತಿ ದಾಖಲೆ ಕೇಳುವಾಗ ಪರಿಶಿಷ್ಟ ಜಾತಿಯವರು 1950ರ ಆಗಸ್ಟ್ 10ಕ್ಕೆ ಮೊದಲು, ಇತರೆ ಹಿಂದುಳಿದವರು 1967ರ ಅಕ್ಟೋಬರ್ 13ಕ್ಕೆ ಮೊದಲು ಮನೆತನ ಇದೇ ರಾಜ್ಯದಲ್ಲಿತ್ತೆಂದು ತೋರಿಸಬೇಕಾಗುತ್ತದೆ. ಇಂಡಿಯಿಂದಲೋ ಆಳಂದದಿಂದಲೋ ಹತ್ತು ಮೈಲಿ ಈಚೆ ಬಂದು ನೆಲೆಸಿದ ಮನೆಗೆ ಅಜ್ಜನ ಶಾಲೆ ಬಿಟ್ಟ ದಾಖಲೆ ಆಚೆಯ ಹಳ್ಳಿಯ ಕನ್ನಡ ಶಾಲೆಯಲ್ಲಿರುತ್ತದೆ. ಕರ್ನಾಟಕದ ಪಾಲಿಗೆ ಅವರು ಹೊರಗಿನವರು, ಮಹಾರಾಷ್ಟ್ರದ ಪಾಲಿಗೆ ಬಂದವರು.

ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಮಿಯಿಲ್ಲದ ಕೃಷಿ ಕೂಲಿಕಾರ, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗಿದೆ. ಬ್ರಿಟನ್ನಿನ ಚೀವ್ನಿಂಗ್‌ಗೆ ಜಾತಿ-ರಾಜ್ಯದ ಗೊಡವೆಯೇ ಇಲ್ಲ. 2,800 ಗಂಟೆ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಎರಡು ವರ್ಷ ದೇಶಕ್ಕೆ ಮರಳಬೇಕು. ಪೈಪೋಟಿ ಜೋರು. 2024ರ ನವೆಂಬರಿನಲ್ಲಿ ಮಂಜೂರಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ದೇಶದೊಳಗಿನ ಸಂಸ್ಥೆಗಳಿಗಷ್ಟೇ. ಅದನ್ನು ತೋರಿಸಿ ವಿದೇಶಿ ಸಾಲ ಕೊಡಿಸುತ್ತೇನೆ ಎನ್ನುವವರಿಂದ ದೂರವಿರುವುದು ಒಳ್ಳೆಯದು.

ಹೆಸರಿನ ತಂಟೆ ಬೇರೆ. ಆಚೆ ಬಿರಾದಾರ, ಈಚೆ ಬಿರಾಜದಾರ. ಎಸ್ಸೆಸ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರಿನಲ್ಲಿ ಕೊನೆಗೆ, ಆಚೆಯ ಶಾಲೆಯಲ್ಲಿ ಓದಿದವರಿಗೆ ಬರೀ ಇನಿಶಿಯಲ್. ಇಂಗ್ಲಿಷ್ ಅಕ್ಷರವೂ ಒಂದೊಂದು ಕಡೆ ಒಂದೊಂದು. ಪಾಸ್‌ಪೋರ್ಟು, ಅಂಕಪಟ್ಟಿ, ಬ್ಯಾಂಕ್ ಖಾತೆ ಮೂರರಲ್ಲೂ ಒಂದೇ ಹೆಸರು ಬರುವಂತೆ ಮಾಡಿಸಲು ತಿಂಗಳುಗಳೇ ಹಿಡಿಯುತ್ತವೆ. ವೀಸಾ ಅರ್ಜಿಯ ಹೊತ್ತಿಗೆ ಓಡಾಡಿದರೆ ಆಗುವ ಕೆಲಸವಲ್ಲ.

ದೊಡ್ಡ ಬಿಸಿನೆಸ್ ಸ್ಕೂಲುಗಳು ಸುತ್ತಿನ ಲೆಕ್ಕದಲ್ಲಿ ಅರ್ಜಿ ಕರೆಯುತ್ತವೆ. ಮೊದಲ ಸುತ್ತು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಎರಡನೆಯದು ಜನವರಿಯಲ್ಲಿ. ಮೂರನೆಯ ಸುತ್ತಿನಲ್ಲಿ ಸೀಟು ಕಡಿಮೆ, ಸ್ಕಾಲರ್‌ಶಿಪ್ ಹಣ ಖಾಲಿಯಾಗಿರುತ್ತದೆ, ವೀಸಾಕ್ಕೆ ದಿನವೂ ಉಳಿದಿರುವುದಿಲ್ಲ. ಹೀಗಾಗಿ ಮುಂದಿನ ವರ್ಷ ಹೋಗಬೇಕೆನ್ನುವ ಹುಡುಗ, ಹುಡುಗಿಯರ ಮನೆಯವರು ಈ ವರ್ಷದ ಮುಂಗಾರು ಬಿತ್ತನೆಗೆ ಮೊದಲೇ ಉತಾರ, ಸನದ್ ಹಿಡಿದು ಒಮ್ಮೆ ಬ್ಯಾಂಕಿಗೆ ಹೋಗಿ ಬರಬೇಕು. ಕನ್ಸಲ್ಟನ್ಸಿಯ ಮೆಟ್ಟಿಲು ಹತ್ತುವುದು ಅದರ ನಂತರ.