ಬಡಗಿಯ ಗರಗಸಕ್ಕೂ ಸಾಮಿಲ್ಲಿಗೂ ಒಂದೇ ಅಳತೆಗೋಲೇ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಹಬ್ಬಿರುವ ಜೋಗಿಮಟ್ಟಿಯ ಕಾಡು 2015ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಬಯಲುಸೀಮೆಯ ಬರದ ನಡುವೆ ಹಸಿರನ್ನು ಹಿಡಿದಿಟ್ಟಿರುವ ಈ ಗುಡ್ಡಸಾಲಿನ ಅಂಚಿನಲ್ಲಿ ಯಾವ ಉದ್ಯಮ ಇರಬಹುದು, ಯಾವುದು ಇರಕೂಡದು ಎಂಬ ಪ್ರಶ್ನೆಗೆ ಅಂದಿನಿಂದ ತೂಕ ಹೆಚ್ಚಿದೆ. ಹೊಸ ಸಾಮಿಲ್ ಬರಕೂಡದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮನೆ ಕಟ್ಟುವ ಸ್ಥಳಕ್ಕೇ ಹೋಗಿ, ಬಾಗಿಲವಾಡ, ಕಿಟಕಿ, ಕಪಾಟುಗಳನ್ನು ಅಲ್ಲಿಯೇ ಅಳೆದು, ಕೊಯ್ದು, ಕೂರಿಸಿ ಬರುವ ಬಡಗಿ ಯಾವ ಪಟ್ಟಿಗೆ ಸೇರಬೇಕು? ಆತನ ಅನ್ನವೂ ಕಾಡಿನ ರಕ್ಷಣೆಯೂ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿವೆ.

2008ರ ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದಲ್ಲಿ ಮರಕ್ಕೆ ಸಂಬಂಧಿಸಿದ ಕೆಲಸಗಳು ಹಲವು ಮನೆಗಳಲ್ಲಿ ಹಂಚಿಹೋಗಿವೆ. ದಿಮ್ಮಿ ಕೊಯ್ಯುವುದು 1610. ಕಟ್ಟಡಕ್ಕೆ ಬೇಕಾದ ಮರದ ಭಾಗಗಳನ್ನು ಕಾರ್ಖಾನೆಯಲ್ಲಿ ತಯಾರಿಸುವುದು 1622. ಪೀಠೋಪಕರಣ ತಯಾರಿಕೆ 3100. ಬಾಗಿಲು, ಕಿಟಕಿ, ಮೆಟ್ಟಿಲುಗಳನ್ನು ಕಟ್ಟಡದಲ್ಲಿ ಕೂರಿಸುವ ಕೆಲಸ ಮಾತ್ರ ನಿರ್ಮಾಣ ವಿಭಾಗದ 4330ರಲ್ಲಿದೆ; ಗಾರೆ ಮತ್ತು ಬಣ್ಣದ ಕೆಲಸಗಳು ಅದರ ನೆರೆಹೊರೆ. 2020ರ ಜುಲೈನಲ್ಲಿ ಆರಂಭವಾದ ಉದ್ಯಮ್ ನೋಂದಣಿ ಈ ಸಂಕೇತಸಂಖ್ಯೆಯನ್ನೇ ಕೇಳುತ್ತದೆ. ‘ಮರಗೆಲಸ’ ಎಂಬ ಒಂದು ಪದವನ್ನು ನೋಡಿ ನೋಂದಣಿ ಕೇಂದ್ರದವರು ತಯಾರಿಕೆಯ ಸಂಖ್ಯೆಯನ್ನು ಒತ್ತಿದರೆ, ಕೈಚೀಲದಲ್ಲಿ ಉಳಿ, ಬಾಚಿ ಹೊತ್ತು ಊರೂರು ತಿರುಗುವ ಬಡಗಿ ಕಾಗದದ ಮೇಲೆ ಕಾರ್ಖಾನೆಯ ಒಡೆಯನಾಗುತ್ತಾನೆ.

ಈ ತೊಡಕನ್ನು ಬೇರೆ ದೇಶಗಳು ಎದುರಿಸಿವೆ. ಉತ್ತರ ಅಮೆರಿಕದ ವರ್ಗೀಕರಣದಲ್ಲಿ ಅಡುಗೆಮನೆಯ ಕಪಾಟನ್ನು ಕಾರ್ಖಾನೆಯಲ್ಲಿ ಮಾಡಿದರೆ ಅದು ತಯಾರಿಕೆ. ಅದೇ ಕಪಾಟನ್ನು ಮನೆಯೊಳಗೇ ಕಟ್ಟಿದರೆ ಅದು ನಿರ್ಮಾಣ. ವಸ್ತು ಒಂದೇ ಆದರೂ ಕೆಲಸ ನಡೆಯುವ ಜಾಗ ವರ್ಗವನ್ನು ತೀರ್ಮಾನಿಸುತ್ತದೆ.

ನಮ್ಮ ಅರಣ್ಯ ಕಾನೂನಿಗೂ ಈ ವಿವೇಕ ಹೊಸದಲ್ಲ. ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಿಂದ ಆರಂಭಿಸಿ, 2002ರ ಅಕ್ಟೋಬರ್ ಆದೇಶದ ಮೂಲಕ, ಹೊಸ ಸಾಮಿಲ್ ಮತ್ತು ಪ್ಲೈವುಡ್ ಘಟಕಗಳಿಗೆ ಬಿಗಿಯಾದ ಕಡಿವಾಣ ಹಾಕಿತು. ಆ ಬಳಿಕ ಬಂದ 2016ರ ಕೇಂದ್ರ ಮಾರ್ಗಸೂಚಿ ಒಂದು ಗೆರೆ ಎಳೆಯಿತು. ಬ್ಯಾಂಡ್ ಗರಗಸವಿಲ್ಲದೆ, 30 ಸೆಂಟಿಮೀಟರ್ ವ್ಯಾಸ ಮೀರದ ವೃತ್ತಾಕಾರದ ಗರಗಸದಿಂದ, ಈಗಾಗಲೇ ಕೊಯ್ದ ಮರ, ಬಿದಿರು, ಪ್ಲೈವುಡ್‌ನಂಥ ಸಾಮಗ್ರಿಯನ್ನು ಸಕ್ರಮ ಮೂಲದಿಂದ ತಂದು ಕೆಲಸ ಮಾಡುವವರಿಗೆ ಆ ಪರವಾನಗಿಯ ಹೊರೆಯಿಲ್ಲ. ಅಭಯಾರಣ್ಯಗಳ ಸುತ್ತಲಿನ ಪರಿಸರ ಸೂಕ್ಷ್ಮ ವಲಯಗಳಿಗಾಗಿ 2011ರಲ್ಲಿ ಹೊರಟ ಮಾರ್ಗಸೂಚಿ ನಿಷೇಧಿಸಿರುವುದೂ ಸಾಮಿಲ್ ಸ್ಥಾಪನೆಯನ್ನು, ಬಾಗಿಲು ಕೂರಿಸುವುದನ್ನಲ್ಲ.

ಈ ಗೆರೆ ಮಸುಕಾದರೆ ಎರಡು ಕಡೆಯಿಂದಲೂ ನಷ್ಟ. ಬಡಗಿಯನ್ನು ಸಾಮಿಲ್ಲಿನ ಸಾಲಿಗೆ ಎಳೆದರೆ ಆತ ವಿನಾಕಾರಣ ಅನುಮಾನಕ್ಕೆ ಗುರಿಯಾಗುತ್ತಾನೆ. ಅದಕ್ಕಿಂತ ದೊಡ್ಡ ಅಪಾಯ, ನಿಜವಾದ ಸಾಮಿಲ್ಲೇ ‘ಮರಗೆಲಸದ ಅಂಗಡಿ’ ಎಂಬ ಫಲಕದ ಹಿಂದೆ ಅಡಗುವುದು. ಹಿತ್ತಿಲಲ್ಲಿ ದಿಮ್ಮಿ ಸೀಳುವವನು ತನ್ನನ್ನು ಬಡಗಿ ಎಂದು ಕರೆದುಕೊಂಡರೆ ಕಾಡಿಗೆ ರಕ್ಷಣೆ ಎಲ್ಲಿ? ಸಣ್ಣ ಯಂತ್ರವೂ ಕಾಡಿನ ಅಂಚಿಗೆ ಹೋಗಬಲ್ಲದು ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಅದಕ್ಕೆ ಉತ್ತರ ಯಂತ್ರವನ್ನು ಕಸಿಯುವುದಲ್ಲ, ಮರದ ಮೂಲವನ್ನು ಕೇಳುವುದು. ರೈತನ ಬದುವಿನ ಬೇವೋ, ಡಿಪೋದ ತೇಗವೋ, ಗುಡ್ಡದ ದಿಂಡಿಗವೋ ಎಂಬುದನ್ನು ರಸೀದಿ ಮತ್ತು ಸಾಗಣೆ ರಹದಾರಿ ಹೇಳಬೇಕು, ಗರಗಸ ಹೇಳಲಾರದು.

ಸರಿಯಾದ ವರ್ಗ ಬಡಗಿಗೆ ಹಕ್ಕನ್ನೂ ತರುತ್ತದೆ. ನಿರ್ಮಾಣ ಕಾರ್ಮಿಕನೆಂದು ಗುರುತಾದವನು 1996ರ ಕಾಯ್ದೆಯಂತೆ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿದ್ದರೆ, ಕಲ್ಯಾಣ ಮಂಡಳಿಯ ಫಲಾನುಭವಿಯಾಗುವ ವ್ಯವಸ್ಥೆ ಬೆಳೆದುಬಂತು. 2023ರ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವಿದೆ. ಉಪಕರಣಕ್ಕೆ 15,000 ರೂಪಾಯಿ ನೆರವಿದೆ. ಒಂದು ಕೈಯಿಂದ ಉಪಕರಣ ಕೊಡಿಸುವ ಸರ್ಕಾರ ಇನ್ನೊಂದು ಕೈಯಿಂದ ಅದೇ ಉಪಕರಣಕ್ಕಾಗಿ ಆತನನ್ನು ಕಟಕಟೆಗೆ ನಿಲ್ಲಿಸುವುದು ನ್ಯಾಯವಲ್ಲ. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್‌ಕಾರಕವೆಂದು ಪಟ್ಟಿಮಾಡಿದೆ. ಮುಚ್ಚಿದ ಕೋಣೆಯಲ್ಲಿ ಪ್ಲೈವುಡ್ ಕೊಯ್ಯುವವನಿಗೆ ಮುಖಗವಸು, ವೈದ್ಯಕೀಯ ತಪಾಸಣೆ ದೊರೆಯಬೇಕಾದರೂ ಆತ ಮೊದಲು ಕಾರ್ಮಿಕನೆಂದು ಲೆಕ್ಕಕ್ಕೆ ಸಿಗಬೇಕು.

ಆದ್ದರಿಂದ ನಾಲ್ಕು ತಾಲ್ಲೂಕುಗಳ ಗ್ರಾಮ ಪಂಚಾಯತಿಗಳು, ಅರಣ್ಯ ಇಲಾಖೆ ಮತ್ತು ಕಾರ್ಮಿಕ ಇಲಾಖೆ ಒಟ್ಟಿಗೆ ಕುಳಿತು ಒಂದು ಸರಳ ಪಟ್ಟಿ ಸಿದ್ಧಪಡಿಸಲಿ. ಕೆಲಸ ಎಲ್ಲಿ ನಡೆಯುತ್ತದೆ, ಗರಗಸದ ಗಾತ್ರವೆಷ್ಟು, ಮರ ಎಲ್ಲಿಂದ ಬಂತು ಎಂಬ ಮೂರು ಪ್ರಶ್ನೆಗಳು ಅದರಲ್ಲಿದ್ದರೆ ಸಾಕು. ಆ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಪಂಚಾಯತಿಯ ಗೋಡೆಗೆ ಅಂಟಿಸಲಿ. ಬಡಗಿಗೆ ತನ್ನ ಹಕ್ಕು ತಿಳಿಯುತ್ತದೆ. ಬಡಗಿಯ ವೇಷ ತೊಟ್ಟ ಸಾಮಿಲ್ಲಿಗೆ ಅಡಗಲು ಜಾಗ ಉಳಿಯುವುದಿಲ್ಲ.