ಬಾಕ್ಸಿಂಗ್ ನಮ್ಮದಲ್ವಂತೆ!

"ಬಾಕ್ಸಿಂಗಾ? ಅದನ್ನ ಹರಿಯಾಣದವರಿಗೆ ಬಿಡ್ರಿ, ನಮ್ಮ ಹುಡುಗರಿಗೆಲ್ಲಿದೆ ಆ ಮೈಕಟ್ಟು?" ಈ ಮಾತು ಕೇಳಿ ಕೇಳಿ ಸಾಕಾಗಿ ಹೋಗಿದೆ.

ಅಲ್ರೀ, ಬಾಕ್ಸಿಂಗ್‌ನಲ್ಲಿ ತೂಕದ ವಿಭಾಗಗಳು ಇರೋದಾದ್ರೂ ಯಾಕೆ? ವೃತ್ತಿಪರರ ಲೈಟ್ ವೆಲ್ಟರ್‌ವೇಟ್ ಮಿತಿ 140 ಪೌಂಡ್, ಅಂದ್ರೆ 63.5 ಕೆ.ಜಿ. ಕಂಪ್ಲಿಯಲ್ಲಿ ಭತ್ತದ ಮೂಟೆ ಹೊರೋ ಹುಡುಗರಲ್ಲಿ ಅಷ್ಟು ತೂಗೋರು ಬೇಕಾದಷ್ಟು ಜನ ಸಿಗ್ತಾರೆ!

ಇನ್ನೊಂದು ತಮಾಷೆ ನೋಡಿ. ನಮ್ಮದೇ ಜಿಲ್ಲೆಯ ತೋರಣಗಲ್ಲಿನ ಹತ್ತಿರ 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಅಲ್ಲಿ ತರಬೇತಿ ಪಡೆದ ನಿಶಾಂತ್ ದೇವ್ 2023ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಕಂಚು ಗೆದ್ದ, 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್ ತಲುಪಿದ. 2025ರ ಜನವರಿಯಲ್ಲಿ ವೃತ್ತಿಪರನಾಗಿ ಲಾಸ್ ವೇಗಾಸ್‌ನಲ್ಲಿ ಆಡಿದ ಮೊದಲ ಪಂದ್ಯವನ್ನ ಮೊದಲ ಸುತ್ತಲ್ಲೇ ಮುಗಿಸಿದ. (ಅವನದು ಇನ್ನೂ ಮೇಲಿನ ತೂಕ, ಸೂಪರ್ ವೆಲ್ಟರ್‌ವೇಟ್.) ಆದ್ರೆ ಹುಡುಗನಾಗಿದ್ದಾಗ ಅವನು ಬಾಕ್ಸಿಂಗ್ ಕಲಿತದ್ದು ಹರಿಯಾಣದ ಕರ್ನಾಲ್‌ನಲ್ಲಿ. ಅಂದ್ರೆ ಏಣಿಯ ಮೇಲಿನ ಮೆಟ್ಟಿಲು ನಮ್ಮ ಜಿಲ್ಲೆಯಲ್ಲಿ, ಕೆಳಗಿನದು ಸಾವಿರಕ್ಕೂ ಹೆಚ್ಚು ಕಿ.ಮೀ. ಆಚೆ!

ಇದಕ್ಕೆ ಆ ಸಂಸ್ಥೆಯನ್ನ ಬೈದು ಪ್ರಯೋಜನ ಇಲ್ಲ. ಎಲ್ಲಾ ಊರಿನ ಸಸಿಮಡಿಯನ್ನ ಒಬ್ಬರೇ ಹಾಕೋಕಾಗಲ್ಲ, ಅದು ಆಯಾ ಊರಿನ ಕೆಲಸ. ಗಂಡುಗಲಿ ಕುಮಾರರಾಮ ನಮ್ಮವನು ಅಂತ ಎದೆ ತಟ್ಟಿಕೊಳ್ಳೋ ನಾವು ಹೈಸ್ಕೂಲಿಗೆ ಒಂದು ಪಂಚಿಂಗ್ ಬ್ಯಾಗು, ನಾಲ್ಕು ಜೊತೆ ಗ್ಲೌಸು, ಒಬ್ಬ ಕೋಚ್ ಬೇಕು ಅಂತ ಯಾವತ್ತಾದ್ರೂ ಕೇಳಿದ್ದೀವಾ? ಕ್ರಿಕೆಟ್ ಟೂರ್ನಿಗೆ ತಮ್ಮ ಫೋಟೋದ ಬ್ಯಾನರ್ ಕಟ್ಟಿಸೋ ನಾಯಕರನ್ನ ಕೇಳಿದ್ದೀವಾ?

ಮೈಕಟ್ಟಿಲ್ಲ ಅನ್ನೋದು ಬರೀ ನೆಪ. ಮನಸ್ಸಿಲ್ಲ ಅನ್ನಿ, ಒಪ್ಕೋತೀನಿ.

ಏನಂತೀರಿ?