ಗುಡ್ಡದ ಊರಿಗೆ ಹೊರಡುವ ಮುಂಚೆ ಮಂಡಿಯನ್ನೊಂದು ಮಾತು ಕೇಳಿ

ಮಕ್ಕಳ ಜೊತೆ ಊರು ನೋಡಲು ಹೊರಟ ಅಮ್ಮಂದಿರಿಗೆಲ್ಲ ಒಂದು ಡೈಲಾಗ್ ಬಾಯಿಪಾಠ ಆಗಿರುತ್ತೆ. "ನೀವು ಹೋಗ್ಬನ್ನಿ, ನಾನು ಇಲ್ಲೇ ಕೂತಿರ್ತೀನಿ."

ಬೆಟ್ಟ, ಕೋಟೆ, ಜಲಪಾತ ಯಾವುದೇ ಇರಲಿ, ಕೆಳಗಿನ ಕಲ್ಲುಬೆಂಚಿನ ಮೇಲೆ ಒಬ್ಬರು ಅಮ್ಮ ಕೂತಿರ್ತಾರೆ. ತೊಡೆಯ ಮೇಲೆ ನಾಲ್ಕು ಜನರ ಬ್ಯಾಗು, ಪಕ್ಕದಲ್ಲಿ ಎಲ್ಲರ ಸ್ವೆಟರು, ನೀರಿನ ಬಾಟಲಿ. ಮೇಲೆ ಹೋದವರು ಬಂದು ಫೋನಿನಲ್ಲಿ ಫೋಟೋ ತೋರಿಸ್ತಾರೆ. "ಚೆನ್ನಾಗಿದೆ ಕಣೋ" ಅಂತಾರೆ. ಮುಗೀತು ಅವರ ಪ್ರವಾಸ.

ಈ ವರ್ಷ ನಮ್ಮ ಅಪ್ಪ ಅಮ್ಮ ಮೈಸೂರಿನಿಂದ ಕ್ಯಾಲಿಫೋರ್ನಿಯಾಗೆ, ಸನ್ನಿವೇಲ್‌ನಲ್ಲಿರುವ ನಮ್ಮ ಮನೆಗೆ ಬಂದರು. ಅಪ್ಪನಿಗೆ 68, ಸ್ಟೆಂಟ್ ಹಾಕಿಸಿಕೊಂಡು ಮೂರು ವರ್ಷ. ಅಮ್ಮನಿಗೆ 63, ಎರಡೂ ಮಂಡಿ ಸವೆದಿವೆ. ಇಷ್ಟು ದೂರದ ವಿಮಾನ ಇನ್ನೊಮ್ಮೆ ಹತ್ತುತ್ತಾರೋ ಇಲ್ಲವೋ, ಅವರೂ ಹೇಳೋದಿಲ್ಲ, ನಾವೂ ಕೇಳೋದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊಗೆ ಒಂದು ದಿನ ಕರ್ಕೊಂಡು ಹೋಗೋಣ ಅಂತ ಹೊರಟಾಗ ನಾನು ನನಗೇ ಒಂದು ಷರತ್ತು ಹಾಕಿಕೊಂಡೆ. ಬೆಂಚಿನ ಮೇಲೆ ಯಾರನ್ನೂ ಬಿಟ್ಟು ಹೋಗೋ ಹಾಗಿಲ್ಲ.

ಈ ಊರಿನಲ್ಲಿ ಅದು ಸುಲಭದ ಷರತ್ತಲ್ಲ. ಸುಮಾರು 121 ಚದರ ಕಿಲೋಮೀಟರಿನ ಊರು, ಹೆಸರಿರುವ ಗುಡ್ಡಗಳೇ ನಲವತ್ತಕ್ಕೂ ಹೆಚ್ಚು. ಮಲೆನಾಡಿನಲ್ಲೋ ಮಡಿಕೇರಿಯಲ್ಲೋ ರಸ್ತೆ ಗುಡ್ಡಕ್ಕೆ ಮರ್ಯಾದೆ ಕೊಡುತ್ತೆ, ಸುತ್ತಿ ಬಳಸಿ ಹತ್ತುತ್ತೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಾಗಲ್ಲ. 1839ರಲ್ಲಿ ಒಂದು ಚೌಕಳಿ ನಕ್ಷೆ ಮಾಡಿದರು, 1847ರಲ್ಲಿ ಜಾಸ್ಪರ್ ಓಫ್ಯಾರೆಲ್ ಎಂಬ ಸರ್ವೇಯರ್ ಅದನ್ನು ಹಿಗ್ಗಿಸಿದ. ಕಾಗದದ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆಗಳನ್ನು ಹಾಗೇ ಗುಡ್ಡದ ಮೇಲೆ ಹಾಸಿದ್ದಾರೆ. ಬೀದಿ ನೆಟ್ಟಗೆ ಹತ್ತುತ್ತೆ, ನೆಟ್ಟಗೆ ಇಳಿಯುತ್ತೆ. ಹೈಡ್ ಮತ್ತು ಲೆವೆನ್‌ವರ್ತ್ ನಡುವಿನ ಫಿಲ್ಬರ್ಟ್ ಬೀದಿಯ ಇಳಿಜಾರು 31.5 ಶೇಕಡಾ. ಅಂದರೆ 100 ಮೀಟರ್ ಮುಂದೆ ಹೋಗುವಷ್ಟರಲ್ಲಿ ಹತ್ತು ಮಹಡಿ ಕಟ್ಟಡದಷ್ಟು ಎತ್ತರ. ತೀರಾ ಕಡಿದಾದ ಕೆಲವು ಕಡೆ ರಸ್ತೆಯ ಆಸೆ ಬಿಟ್ಟು ಮೆಟ್ಟಿಲು ಕಟ್ಟಿಬಿಟ್ಟಿದ್ದಾರೆ.

ನಮ್ಮಂಥವರ ಪ್ಲಾನಿಂಗ್ ಹೇಗಿರುತ್ತೆ ಹೇಳಿ? ಮ್ಯಾಪ್ ತೆಗೆದು ನೋಡಬೇಕಾದ ಜಾಗಕ್ಕೆಲ್ಲ ನಕ್ಷತ್ರ ಒತ್ತೋದು, ಹತ್ತಿರ ಹತ್ತಿರ ಇರೋದನ್ನ ಒಂದಕ್ಕೊಂದು ಜೋಡಿಸೋದು. "900 ಮೀಟರ್, 13 ನಿಮಿಷ, ನಡ್ಕೊಂಡೇ ಹೋಗ್ಬಹುದು." ಸಪಾಟು ಊರಿಗೆ ಈ ಲೆಕ್ಕ ಸರಿ. ಗುಡ್ಡದ ಊರಿನಲ್ಲಿ ಅದೇ 900 ಮೀಟರ್ ಒಬ್ಬರಿಗೆ ವಾಕಿಂಗು, ಇನ್ನೊಬ್ಬರಿಗೆ ಶಿಕ್ಷೆ. ಮ್ಯಾಪಿನಲ್ಲಿ ನಡಿಗೆಯ ದಾರಿ ತೋರಿಸಿದಾಗ ಸಾಮಾನ್ಯವಾಗಿ ಕೆಳಗೆ ಏರಿಳಿತದ ಪುಟ್ಟ ಗೆರೆಯೊಂದು ಕಾಣುತ್ತೆ. ದಿನಾ ಆಫೀಸಿಗೆ ಹೋಗುವಾಗ ಅದನ್ನು ಯಾರೂ ನೋಡಲ್ಲ. ಇಲ್ಲಿ ಮೊದಲು ನೋಡಬೇಕಾದ್ದೇ ಅದು.

ಆದರೆ ಆ ಗೆರೆಯೂ ಅರ್ಧ ಸತ್ಯವನ್ನೇ ಹೇಳುತ್ತೆ. ಉಳಿದರ್ಧ ಗೊತ್ತಾಗಿದ್ದು ಊಟದ ಟೇಬಲ್ ಮೇಲೆ. "ಏರೋದು ಕಷ್ಟ ತಾನೇ? ಮೇಲಕ್ಕೆ ಬಸ್ಸಲ್ಲಿ ಹೋಗಿ ಇಳಿಯುವಾಗ ನಡೆಯೋಣ" ಅಂದೆ. ಅಪ್ಪನ ಮುಖ ಅರಳಿತು. ಡಾಕ್ಟರು ಅವರಿಗೆ ಹೇಳಿರೋದು ಅಷ್ಟೇ, ಏರು ಹತ್ತಬೇಡಿ, ಮಿಕ್ಕಂತೆ ಎಷ್ಟು ಬೇಕಾದರೂ ನಡೀರಿ. ಅಮ್ಮ ಮಾತ್ರ ತಟ್ಟೆ ನೋಡ್ತಾ, "ನಂಗೆ ಹತ್ತೋದಾದ್ರೂ ಹೇಗೋ ಆಗುತ್ತೆ ಕಣೇ, ಇಳಿಯುವಾಗಲೇ ಪ್ರಾಣ ಹೋಗೋದು" ಅಂದರು.

ಅದು ನಿಜ. ಹತ್ತುವಾಗ ದಣಿಯೋದು ಎದೆ, ಉಸಿರು. ಇಳಿಯುವಾಗ ಮೈಭಾರವನ್ನೆಲ್ಲ ಬ್ರೇಕ್ ಹಾಕಿ ಹಿಡಿಯೋದು ಮಂಡಿ. ಮದುವೆಯಾದ ಹೊಸತರಲ್ಲಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತಿದ ಹೆಂಗಸು ನಮ್ಮಮ್ಮ. ಈಗ ಅಪಾರ್ಟ್‌ಮೆಂಟಿನ ಹದಿನೈದು ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿ ಒಂದೊಂದಾಗಿ ಇಳಿಯೋದನ್ನ ದಿನಾ ನೋಡ್ತೀನಿ.

ಅಂದರೆ ಒಂದೇ ಇಳಿಜಾರು ಅಪ್ಪನಿಗೆ ಬಿಟ್ಟಿ, ಅಮ್ಮನಿಗೆ ದುಬಾರಿ. ಕೋಡ್ ಬರೆಯೋರಿಗೆ ಇದು ಪರಿಚಯದ ಸಮಸ್ಯೆ. ದಾರಿ ಒಂದೇ ಆದರೂ ಯಾರು ನಡೀತಾರೆ ಅನ್ನೋದರ ಮೇಲೆ ಅದರ ಬೆಲೆ ಬದಲಾಗುತ್ತೆ. ಎಲ್ಲರಿಗೂ ಸೇರಿಸಿ ಒಂದು ಸರಾಸರಿ ತೆಗೆದರೆ ಯಾರಿಗೂ ಹೊಂದದ ಪ್ಲಾನ್ ಸಿಗುತ್ತೆ. ಹಾಗಾಗಿ ಮೊದಲೇ ತೀರ್ಮಾನ ಮಾಡಿದೆವು. ಅಮ್ಮ ಹತ್ತೋದೂ ಗಾಡಿಯಲ್ಲಿ, ಇಳಿಯೋದೂ ಗಾಡಿಯಲ್ಲಿ. ಅಪ್ಪ ಹತ್ತೋದು ಗಾಡಿಯಲ್ಲಿ, ಇಳಿಯೋದು ಕಾಲ್ನಡಿಗೆಯಲ್ಲಿ.

ತಿಂಗಳ ಆಯ್ಕೆಯೂ ಪ್ಲಾನಿನ ಭಾಗವೇ. ಜೂನ್, ಜುಲೈ, ಆಗಸ್ಟ್‌ನಲ್ಲಿ ಒಳನಾಡಿನ ಬಿಸಿಗಾಳಿ ಮೇಲೇರಿ, ಆ ಜಾಗಕ್ಕೆ ತಣ್ಣನೆಯ ಪೆಸಿಫಿಕ್ ಕಡಲಿನಿಂದ ಮಂಜು ನುಗ್ಗುತ್ತೆ. ನಮ್ಮ ಮನೆ ಹತ್ತಿರ ಫ್ಯಾನ್ ಹಾಕ್ಕೊಂಡು ಕೂತಿರುವಾಗ ಅಲ್ಲಿ ಜನ ಜಾಕೆಟ್ ಹಾಕಿರ್ತಾರೆ. ಅಲ್ಲಿ ನಿಜವಾಗಿ ಬೆಚ್ಚಗಿರೋದು ಸೆಪ್ಟೆಂಬರ್, ಅಕ್ಟೋಬರ್. ನಾವು ಸೆಪ್ಟೆಂಬರ್‌ನ ಒಂದು ಶನಿವಾರ ಹೊರಟೆವು. ಆದರೂ ಅಮ್ಮನ ಶಾಲು, ಅಪ್ಪನ ಮಂಕಿ ಕ್ಯಾಪು ಬ್ಯಾಗಿನಲ್ಲಿದ್ದವು. ಎರಡೂ ಕೆಲಸಕ್ಕೆ ಬಂದವು.

ಕಾರು ಬೇಡ ಅಂತ ಮೊದಲೇ ನಿರ್ಧರಿಸಿದ್ದೆವು. ಕಡಿದಾದ ಬೀದಿಯಲ್ಲಿ ಪಾರ್ಕಿಂಗ್ ಹುಡುಕುತ್ತಾ ಗಂಡ ಹೆಂಡತಿ ಜಗಳ ಆಡೋದನ್ನ ಅಪ್ಪ ಅಮ್ಮ ಹಿಂದಿನ ಸೀಟಿನಲ್ಲಿ ಕೂತು ನೋಡಬೇಕಾಗಿಲ್ಲ. ಸನ್ನಿವೇಲ್‌ನಿಂದ ಕ್ಯಾಲ್‌ಟ್ರೇನ್ ಸುಮಾರು ಒಂದು ಗಂಟೆ. 2024ರಿಂದ ಅದು ಕರೆಂಟಿನ ರೈಲು, ಸದ್ದಿಲ್ಲ, ಹೊಗೆಯಿಲ್ಲ. ಕೊನೇ ಸ್ಟೇಷನ್ನಿನ ಹೊರಗೇ ಟ್ರಾಮ್. ಸಮುದ್ರದಂಡೆಯ ಸಪಾಟು ರಸ್ತೆಯಲ್ಲಿ ಅದು ಫೆರ್ರಿ ಬಿಲ್ಡಿಂಗ್ ಹತ್ತಿರ ತಂದುಬಿಡುತ್ತೆ. 1898ರಲ್ಲಿ ಶುರುವಾದ, ಗಡಿಯಾರದ ಗೋಪುರ ಇರುವ ಹಡಗುಕಟ್ಟೆ ಅದು. ಶನಿವಾರ ಬೆಳಿಗ್ಗೆ ಹೊರಗೆ ರೈತರ ಸಂತೆ, ಒಳಗೆ ಕಾಫಿ, ಅದಕ್ಕಿಂತ ಮುಖ್ಯವಾಗಿ ಒಳ್ಳೆಯ ಟಾಯ್ಲೆಟ್. ಹಿರಿಯರ ಜೊತೆ ಹೋಗೋರು ನೋಡಬೇಕಾದ ಜಾಗಗಳಿಗೆ ನಕ್ಷತ್ರ ಒತ್ತೋ ಮೊದಲು ಟಾಯ್ಲೆಟ್‌ಗೆ ಒತ್ತಿ. ಇಲ್ಲದಿದ್ದರೆ ಅಮ್ಮಂದಿರು ಸಂಜೆವರೆಗೂ ನೀರೇ ಕುಡಿಯಲ್ಲ.

ಈಗ ಕೇಬಲ್ ಕಾರ್. ಎಲ್ಲರೂ ಹೋಗಿ ನಿಲ್ಲೋದು ಮಾರ್ಕೆಟ್ ಬೀದಿಯ ಪವೆಲ್ ತಿರುಗುಕಟ್ಟೆಯಲ್ಲಿ. ಗಾಡಿಯನ್ನು ಕೈಯಿಂದ ತಳ್ಳಿ ತಿರುಗಿಸೋದನ್ನ ನೋಡೋಕೆ ಚಂದ, ಕ್ಯೂ ಮಾತ್ರ ತಿರುಪತಿಯನ್ನ ನೆನಪಿಸುತ್ತೆ. ಫೆರ್ರಿ ಬಿಲ್ಡಿಂಗ್‌ನಿಂದ ಸ್ವಲ್ಪವೇ ನಡೆದರೆ ಕ್ಯಾಲಿಫೋರ್ನಿಯಾ ಬೀದಿಯ ಕೇಬಲ್ ಕಾರ್ ಹೊರಡೋ ಜಾಗ ಸಿಗುತ್ತೆ. ಅಲ್ಲಿ ಜನ ಕಡಿಮೆ. ಟಿಕೆಟ್ ಬಸ್ಸಿನ ಎರಡು ಪಟ್ಟಿಗೂ ಜಾಸ್ತಿ, ಅದಕ್ಕೇ ಕೇಬಲ್ ಕಾರೂ ಸೇರಿದ ಒಂದು ದಿನದ ಪಾಸ್ ತಗೊಳ್ಳಿ. ಎರಡು ಸಲ ಹತ್ತಿದರೆ ಪಾಸಿನ ದುಡ್ಡು ವಸೂಲು. ಒಂದು ಎಚ್ಚರಿಕೆ: ಮೆಟ್ಟಿಲು ಎತ್ತರ, ಗಾಲಿಕುರ್ಚಿ ಹತ್ತೋದಿಲ್ಲ. ಅಮ್ಮನಿಗೆ ನಾನು ಕೆಳಗಿಂದ, ನನ್ನ ಗಂಡ ಮೇಲಿಂದ ಕೈ ಕೊಟ್ಟೆವು. ಕಂಡಕ್ಟರ್ ಗಂಟೆ ಬಾರಿಸದೆ ಕಾದ. ಹೊರಗಿನ ಕಂಬ ಹಿಡಿದು ನೇತಾಡೋದು ನಮ್ಮಂಥವರಿಗೆ, ಒಳಗಿನ ಬೆಂಚು ಅಮ್ಮಂದಿರಿಗೆ.

ಈ ಗಾಡಿಗೆ ಎಂಜಿನ್ನೇ ಇಲ್ಲ. ಬೀದಿಯ ಕೆಳಗೆ ಉಕ್ಕಿನ ಹಗ್ಗ ಗಂಟೆಗೆ ಸುಮಾರು 15 ಕಿ.ಮೀ. ವೇಗದಲ್ಲಿ ಓಡ್ತಾನೇ ಇರುತ್ತೆ. ಗ್ರಿಪ್‌ಮನ್ ಉದ್ದನೆಯ ಸನ್ನೆಗೋಲು ಎಳೆದರೆ ಒಂದು ಇಕ್ಕಳ ಆ ಹಗ್ಗವನ್ನು ಕಚ್ಚಿ ಹಿಡಿಯುತ್ತೆ, ಬಿಟ್ಟರೆ ಗಾಡಿ ನಿಲ್ಲೋಕೆ ರೆಡಿ. ಬ್ರೇಕುಗಳಲ್ಲಿ ಒಂದು ಮರದ ತುಂಡಿನದು. ಹಳಿಗೆ ಉಜ್ಜಿ ಉಜ್ಜಿ ಸವೆದುಹೋಗುವುದರಿಂದ ಕೆಲವೇ ದಿನಗಳಿಗೊಮ್ಮೆ ಬದಲಾಯಿಸ್ತಾರೆ. ಕಡಿದಾದ ಬೀದಿಯಲ್ಲಿ ಕುದುರೆಗಳು ಜಾರಿ ಬಿದ್ದು ಸಾಯೋದನ್ನ ನೋಡಿ ಆಂಡ್ರ್ಯೂ ಹ್ಯಾಲಿಡಿಗೆ ಇದು ಹೊಳೆಯಿತು ಅನ್ನೋ ಕಥೆ ಇದೆ. ಅವನ ಮೊದಲ ಗಾಡಿ ಕ್ಲೇ ಬೀದಿಯಲ್ಲಿ ಓಡಿದ್ದು 1873ರಲ್ಲಿ.

ನಾಬ್ ಹಿಲ್ ಮೇಲೆ ಪವೆಲ್ ಬೀದಿ ಅಡ್ಡ ಬರೋ ಕಡೆ ಇಳಿದು ಪವೆಲ್–ಮೇಸನ್ ಗಾಡಿ ಹತ್ತಿದೆವು. ಕೇಬಲ್ ಕಾರ್ ಮ್ಯೂಸಿಯಂ ಹತ್ತಿರವೇ ಅದು ನಿಲ್ಲುತ್ತೆ. ಮ್ಯೂಸಿಯಂ ಬಿಟ್ಟಿ. ಒಳಗೆ ದೈತ್ಯ ಚಕ್ರಗಳು ಊರಿನ ಹಗ್ಗಗಳನ್ನೆಲ್ಲ ಎಳೆಯುತ್ತಾ ತಿರುಗುತ್ತಿರುತ್ತವೆ. "ಬಾವಿ ರಾಟೆ ಕಣೇ ಇದು! ಇಡೀ ಊರನ್ನೇ ಸೇದ್ತಿದೆ" ಅಂದರು ಅಮ್ಮ. ನಾನು ಇಷ್ಟು ವರ್ಷದಲ್ಲಿ ಕೇಳಿದ ವಿವರಣೆಗಳಲ್ಲಿ ಅದೇ ಬೆಸ್ಟು.

ಅಮ್ಮನಿಗೆ ಅಲ್ಲಿ ಹೇಳಿದ ಇನ್ನೊಂದು ವಿಷಯ: 1947ರಲ್ಲಿ ಮೇಯರ್ ರೋಜರ್ ಲ್ಯಾಪ್‌ಹ್ಯಾಮ್, ಪವೆಲ್ ಬೀದಿಯ ಕೇಬಲ್ ಕಾರುಗಳನ್ನು ತೆಗೆದು ಬಸ್ ಬಿಡೋಣ ಅಂದಿದ್ದ. ಫ್ರೀಡೆಲ್ ಕ್ಲುಸ್‌ಮನ್ ಎಂಬ ಹೆಂಗಸು ಊರಿನ ಮಹಿಳಾ ಸಂಘಗಳನ್ನು ಒಟ್ಟುಮಾಡಿ ಹೋರಾಡಿದಳು. ವಿಷಯ ಮತದಾನಕ್ಕೆ ಹೋಗಿ ಗಾಡಿಗಳು ಉಳಿದವು. "ಅವಳಿಗೂ ಮಂಡಿ ನೋವಿತ್ತೇನೋ" ಅಂದರು ಅಮ್ಮ.

ಅದೇ ಪವೆಲ್–ಮೇಸನ್ ಗಾಡಿ ಮುಂದಕ್ಕೆ ವಾಷಿಂಗ್ಟನ್ ಸ್ಕ್ವೇರ್ ಎಂಬ ಸಪಾಟು ಪಾರ್ಕಿನ ಹತ್ತಿರ ಇಳಿಸುತ್ತೆ. ಹುಲ್ಲಿನ ಮೇಲೆ ಬೆಡ್‌ಶೀಟ್ ಹಾಸಿ ಪುಳಿಯೋಗರೆ ಡಬ್ಬಿ ಬಿಚ್ಚಿದೆವು. ತಿಂದು ಅರ್ಧ ಗಂಟೆ ಸುಮ್ಮನೆ ಬಿದ್ದುಕೊಂಡೆವು. ಪ್ಲಾನಿನಲ್ಲಿ ಆ ಅರ್ಧ ಗಂಟೆಯನ್ನು ಬೇಕೂಂತಲೇ ಖಾಲಿ ಬಿಟ್ಟಿದ್ದೆ.

ಅಲ್ಲಿಂದ 39ನೇ ನಂಬರ್ ಬಸ್. ಊರಿನಲ್ಲಿ ನನಗೆ ಅತ್ಯಂತ ಇಷ್ಟದ ಬಸ್ಸು ಅದು. ಪುಟ್ಟ ರೂಟು. ಟೆಲಿಗ್ರಾಫ್ ಹಿಲ್ ತುದಿಯಲ್ಲಿರುವ ಕಾಯ್ಟ್ ಟವರ್ ಬುಡದವರೆಗೂ ಕರ್ಕೊಂಡು ಹೋಗುತ್ತೆ. 1933ರಲ್ಲಿ ಕಟ್ಟಿದ, 64 ಮೀಟರ್ ಎತ್ತರದ ಬಿಳಿ ಗೋಪುರ. ಮೇಲೆ ಹತ್ತದಿದ್ದರೂ ನಡೆಯುತ್ತೆ, ಬಸ್ ನಿಲ್ಲೋ ಜಾಗದಿಂದಲೇ ಕೊಲ್ಲಿ, ಆಲ್ಕಟ್ರಾಝ್ ದ್ವೀಪ, ಗೋಲ್ಡನ್ ಗೇಟ್ ಸೇತುವೆ ಕಾಣುತ್ತೆ. ಅಮ್ಮ ಕಟ್ಟೆಗೆ ಒರಗಿ ನಿಂತು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಷ್ಟು ಎತ್ತರಕ್ಕೆ ಬಂದು ಎಷ್ಟು ವರ್ಷ ಆಗಿತ್ತು" ಅಂದರು.

ಇಳಿಯುವಾಗ ನಾವು ಎರಡು ದಾರಿ ಆದೆವು. ಅಪ್ಪ ಮತ್ತು ನಾನು ಪೂರ್ವದ ಕಡೆಯ ಫಿಲ್ಬರ್ಟ್ ಮೆಟ್ಟಿಲು ಹಿಡಿದೆವು. ಮನೆಗಳ ನಡುವೆ, ಹೂವಿನ ತೋಟಗಳ ನಡುವೆ ಇಳಿಯುವ ನೂರಾರು ಮೆಟ್ಟಿಲು. ಅಪ್ಪ ಪ್ರತಿಯೊಂದು ಗಿಡದ ಹತ್ತಿರ ನಿಂತರು, ಒಮ್ಮೆಯೂ ಉಸಿರಿಗಾಗಿ ಅಲ್ಲ. ಅಮ್ಮ ಅಳಿಯನ ಜೊತೆ ಅದೇ 39ರಲ್ಲಿ ಸಮುದ್ರದಂಡೆಗೆ ಇಳಿದು, ಪಿಯರ್ 39ರಲ್ಲಿ ಕಡಲಸಿಂಹಗಳನ್ನು ನೋಡಿ, ದಂಡೆಯುದ್ದಕ್ಕೂ ಓಡುವ ಹಳೇ ಕಾಲದ ಟ್ರಾಮ್ ಹತ್ತಿ ಫೆರ್ರಿ ಬಿಲ್ಡಿಂಗಿಗೆ ಬಂದರು. ನಾವು ಬರೋ ಹೊತ್ತಿಗೆ ಅವರೇ ಮೊದಲು ಬಂದು ಕಾಯ್ತಿದ್ದರು. "ನೀವು ನೋಡ್ಲಿಲ್ವಲ್ಲ, ನೋಡಿ ಇಲ್ಲಿ" ಅಂತ ಅಮ್ಮ ಫೋನ್ ತೆಗೆದು ಅಪ್ಪನಿಗೆ ವಿಡಿಯೋ ತೋರಿಸಿದರು. ಎಮ್ಮೆಗಳ ಹಾಗೆ ಒಂದರ ಮೇಲೊಂದು ಬಿದ್ದುಕೊಂಡು ಅರಚುವ ಕಡಲಸಿಂಹಗಳು. ಅಪ್ಪ, "ಚೆನ್ನಾಗಿದೆ ಕಣೇ" ಅಂದರು.

ಬಿಟ್ಟಿದ್ದೂ ಬೇಕಾದಷ್ಟಿದೆ. ಎಂಟು ತಿರುವಿನ ಲೊಂಬಾರ್ಡ್ ಬೀದಿ ಬಿಟ್ಟೆವು. ಗೋಲ್ಡನ್ ಗೇಟ್ ಮೇಲೆ ನಡೆಯೋದು ಬಿಟ್ಟೆವು. ಟ್ವಿನ್ ಪೀಕ್ಸ್ ಬಿಟ್ಟೆವು. ಇಡೀ ದಿನಕ್ಕೆ ಎರಡೇ ಗುಡ್ಡ, ಅಷ್ಟೇ. ರೈಲಿನಲ್ಲಿ ವಾಪಸ್ ಬರುವಾಗ ನಾಲ್ಕೂ ಜನ ಎಚ್ಚರವಾಗಿದ್ದೆವು, ಮಾತಾಡ್ತಿದ್ದೆವು.

ನೀವು ಹೋಗೋದು ಊಟಿಗೋ ಮಡಿಕೇರಿಗೋ ಇರಬಹುದು. ಅಲ್ಲಿ ಕೇಬಲ್ ಕಾರ್ ಇಲ್ಲ, ಆಟೋ ಇದೆ, ಜೀಪ್ ಇದೆ. ಲೆಕ್ಕ ಅದೇ. ಬೆಳಿಗ್ಗೆ ಮೈಯಲ್ಲಿ ಶಕ್ತಿ ಇರುವಾಗ ಎತ್ತರದ ಜಾಗ, ಮಧ್ಯಾಹ್ನದ ಮೇಲೆ ಸಪಾಟು. ದಿನಕ್ಕೆ ಎರಡಕ್ಕಿಂತ ಹೆಚ್ಚು ಏರು ಬೇಡ. ದಾರಿ ಬೇರೆಯಾದರೆ ಆಗಲಿ, ಆದರೆ ಬೇರೆ ದಾರಿಯಲ್ಲಿ ಹೋಗುವವರಿಗೂ ನೋಡೋಕೆ ಏನಾದರೂ ಇರಲಿ, ಜೊತೆಗೊಬ್ಬರಿರಲಿ.

ಮತ್ತೆ, ಹೊರಡುವ ಹಿಂದಿನ ದಿನ ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಕೇಳಿ: "ನಿಮಗೆ ಕಷ್ಟ ಯಾವುದು, ಹತ್ತೋದಾ, ಇಳಿಯೋದಾ?" "ನಡೆಯೋಕಾಗುತ್ತಾ?" ಅಂತ ಕೇಳಿದರೆ ಎಲ್ಲ ಅಪ್ಪ ಅಮ್ಮಂದಿರೂ "ಓ, ಆಗುತ್ತೆ" ಅಂತಲೇ ಹೇಳ್ತಾರೆ. ಈ ಪ್ರಶ್ನೆಗೆ ಮಾತ್ರ ನಿಜ ಹೇಳ್ತಾರೆ.